ಒಂದು ತಟ್ಟೆ ಕೋಳಿಗೆ ಸಾವಿರ ಯೆನ್ ಬಕ್ಷೀಸು

ತಿಂದವರ ಹತ್ತಿರ ದುಡ್ಡು ಇಸಕೊಳ್ಳುವುದು ಹೋಟೆಲಿನ ಪದ್ಧತಿ. ತಿಂದವರಿಗೇ ದುಡ್ಡು ಕೊಟ್ಟು ಕಳಿಸುವುದು ಜಪಾನ್ ಸರ್ಕಾರದ ಪದ್ಧತಿ. 2020ರ ಅಕ್ಟೋಬರಿನಲ್ಲಿ ಶುರುವಾಗಿದ್ದು.

ಉದ್ದೇಶ ಒಳ್ಳೆಯದೇ. ಕೊರೊನಾ ಬಂದು ಹೋಟೆಲಿನವರು ನೊಣ ಹೊಡೀತಾ ಕೂತಿದ್ದರು. ಅವರನ್ನು ಬದುಕಿಸೋಕೆ ಕೃಷಿ ಸಚಿವಾಲಯ 'ಗೋ ಟು ಈಟ್' ತಂದಿತು. ಆನ್‌ಲೈನಿನಲ್ಲಿ ಬುಕ್ ಮಾಡಿ ಹೋಗಿ ತಿಂದರೆ ತಲೆಗೆ ಮಧ್ಯಾಹ್ನ 500 ಪಾಯಿಂಟ್, ರಾತ್ರಿ 1,000. ಒಂದು ಪಾಯಿಂಟಿಗೆ ಒಂದು ಯೆನ್. ಎಷ್ಟು ತಿನ್ನಬೇಕು ಅನ್ನೋದನ್ನು ಮಾತ್ರ ಬರೆಯಲಿಲ್ಲ. ದೊಡ್ಡವರು ಇಂಥ ಚಿಲ್ಲರೆ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳಲ್ಲ, ಅಲ್ವಾ?

ಜನ ಕೆಡಿಸಿಕೊಂಡರು. ತೊರಿಕಿಝೊಕು ಅಂತ ಒಂದು ಹೋಟೆಲು, ಊರೂರಲ್ಲಿ ಶಾಖೆ. ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ, ಅಂದರೆ ಯಾಕಿತೊರಿ, ಅಲ್ಲಿನ ಮುಖ್ಯ ತಿನಿಸು. ಆಗ ಏನೇ ತಗೊಂಡರೂ 298 ಯೆನ್, ತೆರಿಗೆ ಸೇರಿ 327. ರಾತ್ರಿ ಬುಕ್ ಮಾಡಿ ಹೋಗುವುದು, ಒಂದೇ ಒಂದು ತಟ್ಟೆ ತರಿಸುವುದು, ಬಾಯಿ ಒರೆಸಿಕೊಂಡು ಎದ್ದು ಬರುವುದು. 673 ಯೆನ್ ಲಾಭ, ಕೋಳಿ ಬಿಟ್ಟಿ! ಇದಕ್ಕೆ 'ತೊರಿಕಿ ರಸವಿದ್ಯೆ' ಅಂತ ಹೆಸರೂ ಬಿತ್ತು. ಹೋಟೆಲಿನವರು ಮಾತ್ರ ಬುಕಿಂಗ್ ಜಾಲತಾಣಕ್ಕೆ ತಲೆಗಿಷ್ಟು ಅಂತ ಕಮಿಷನ್ ಕಟ್ಟಬೇಕು. ಒಂದು ತಟ್ಟೆ ತಿಂದವನದೂ ತಲೆಯೇ, ಹತ್ತು ತಟ್ಟೆ ತಿಂದವನದೂ ತಲೆಯೇ.

ಕೊನೆಗೆ ತೊರಿಕಿಝೊಕು ಕೈಮುಗಿದು, ಪೂರ್ತಿ ಊಟ ಬುಕ್ ಮಾಡಿದವರಿಗೆ ಮಾತ್ರ ಪಾಯಿಂಟ್ ಅಂದಿತು. ಸಚಿವಾಲಯಕ್ಕೂ ಜ್ಞಾನೋದಯವಾಯಿತು. ಪಾಯಿಂಟಿಗಿಂತ ಕಮ್ಮಿ ತಿಂದರೆ ಪಾಯಿಂಟ್ ಇಲ್ಲ! ಮೂರನೇ ಕ್ಲಾಸಿನ ಹುಡುಗ ಮಾಡುವ ಕಳೆಯುವ ಲೆಕ್ಕ ಸಚಿವಾಲಯದ ಮಟ್ಟದಲ್ಲಿ ಇತ್ಯರ್ಥವಾಯಿತು.

ಇಷ್ಟಕ್ಕೂ ತೊರಿಕಿಝೊಕುನಲ್ಲಿ ಕೋಳಿ ಸುಡುವುದು ಕೆಂಡದ ಮೇಲಲ್ಲ, ಕರೆಂಟಿನ ಗ್ರಿಲ್ ಮೇಲೆ. ಕೆಂಡದವರು ಓಣಿಯ ಸಣ್ಣ ಅಂಗಡಿಯಲ್ಲಿದ್ದರು. ಎಂಟು ಹತ್ತು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂರುವ ಕೌಂಟರು. ಎದುರಿಗೆ ಉದ್ದನೆಯ ಒಲೆ, ಒಳಗೆ ಬಿಂಚೊತಾನ್ ಇದ್ದಿಲು. ಹೊಗೆ ಕಮ್ಮಿ, ಕಾವು ಜಾಸ್ತಿ. ಯಜಮಾನ ಬೀಸಣಿಗೆಯಿಂದ ಗಾಳಿ ಹಾಕುತ್ತಾ, ಕಡ್ಡಿಯನ್ನು ಸಾಸಿನ ಗಡಿಗೆಯಲ್ಲಿ ಅದ್ದಿ ಮತ್ತೆ ಕೆಂಡದ ಮೇಲಿಡುತ್ತಾನೆ. ಜಿಡ್ಡು ತೊಟ್ಟಿಕ್ಕಿ ಚುರ್ರ್ ಅನ್ನುತ್ತದೆ. ಚುಚ್ಚೋದು ಕಲಿಯೋಕೆ ಮೂರು ವರ್ಷ, ಸುಡೋದು ಕಲಿಯೋಕೆ ಜೀವಮಾನ ಅಂತ ಈ ಕಸುಬಿನವರ ಮಾತು. ಬುಕಿಂಗ್ ಜಾಲತಾಣ ಸೇರೋದು ಕಲಿಯೋಕೆ ಎಷ್ಟು ವರ್ಷ ಅಂತ ಯಾರೂ ಹೇಳಿಲ್ಲ. ಸೇರದವರಿಗೆ ಈ ಪಾಯಿಂಟಿನ ಗಿರಾಕಿ ಇಲ್ಲ. ಫೋನ್ ಮಾಡಿ, "ಅಣ್ಣಾ, ಎರಡು ಸೀಟು ಹಿಡಿದಿಡು" ಅನ್ನುವ ಹಳೇ ಗಿರಾಕಿಗೆ ಪಾಯಿಂಟೂ ಇಲ್ಲ.

ಪಾಯಿಂಟಿಗೆ ಅಂತ ಇಟ್ಟಿದ್ದ 6,160 ಕೋಟಿ ಯೆನ್ ನವೆಂಬರ್ ಮಧ್ಯದ ಹೊತ್ತಿಗೇ ಖಾಲಿ. ಅಷ್ಟರಲ್ಲಿ ಸೋಂಕೂ ಏರಿತ್ತು. ನವೆಂಬರ್ 28ರಿಂದ, ಮದ್ಯ ಕೊಡುವ ಅಂಗಡಿಗಳು ರಾತ್ರಿ ಹತ್ತಕ್ಕೇ ಬಾಗಿಲು ಹಾಕಿ ಅಂತ ಟೋಕಿಯೊ ಆಡಳಿತ ಕೇಳಿಕೊಂಡಿತು. ಮಾತು ಕೇಳಿದವರಿಗೆ 4 ಲಕ್ಷ ಯೆನ್. ಇದಕ್ಕೆ ಬುಕಿಂಗ್ ಜಾಲತಾಣ ಬೇಡ. ಓಣಿಯ ಯಜಮಾನನೂ ಅರ್ಜಿ ಹಾಕಬಹುದಿತ್ತು. ಕೆಂಡ ಊದಿದ್ದಕ್ಕಲ್ಲ, ಬೇಗ ಆರಿಸಿದ್ದಕ್ಕೆ.