ಒಂದೇ ಎಂಜಿನ್ನಿನ ಸಂಸಾರ

ಸೈಲೆನ್ಸರ್ ಕಳಚಿದ ಬೈಕೊಂದು ಕಿಟಕಿಯ ಕೆಳಗೆ ಹಾದುಹೋದಾಗಲೆಲ್ಲ ನನಗೆ, ಬೈಕುಗಳಿಗೆ ಹೊಸ ರೂಪ ಕೊಡುವುದರಲ್ಲಿ ಹೆಸರಾದ ಅಮೆರಿಕದ ಆರ್ಲೆನ್ ನೆಸ್ ನೆನಪಾಗುತ್ತಾರೆ. ಇದು ಅವರಿಗೆ ಮಾಡುವ ಅವಮಾನವೆಂದು ಗೊತ್ತು. ಆದರೆ ಸಿಟ್ಟು ನೆತ್ತಿಗೇರಿದಾಗ ದೊಡ್ಡವರ ಹೆಸರು ಹೇಳಿಕೊಂಡರೆ ನಾಲಗೆ ಕೆಟ್ಟ ಮಾತಿಗೆ ಹೋಗುವುದಿಲ್ಲ. ಆ ಸದ್ದಿನ ಮಾಲೀಕನನ್ನು ಕೇಳಿ ನೋಡಿ, ‘ಕಸ್ಟಮ್ ಮಾಡಿಸಿದ್ದೇನೆ’ ಎನ್ನುತ್ತಾನೆ. ಏನು ಮಾಡಿಸಿದ್ದು? ಇದ್ದದ್ದೊಂದನ್ನು ಕೀಳಿಸಿದ್ದು. ಕೀಳುವುದೇ ಕಲೆಯಾದರೆ ನನ್ನ ದಂತವೈದ್ಯರೂ ಮಹಾನ್ ಕಲಾವಿದರು.

ನೆಸ್ ತೀರಿಕೊಂಡದ್ದು 2019ರಲ್ಲಿ. ಚಾಪರ್‌ಗಳ, ಅಂದರೆ ಮುಂಚಕ್ರ ಚಾಚಿಕೊಂಡ ಮಾರ್ಪಡಿಸಿದ ಬೈಕುಗಳ, ದೊರೆ ಎಂದು ಅವರನ್ನು ಕರೆಯುವವರಿದ್ದಾರೆ. ಕರೆಯಲಿ. ನನಗೆ ಮಾತ್ರ ಆ ದೊರೆಯ ಕಿರೀಟಕ್ಕಿಂತ ಅವರ ಬೌಲಿಂಗ್ ಪ್ರಿಯ; ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ಪಿನ್ನು ಬೀಳಿಸುವ ಆಟ. ಕ್ಯಾಲಿಫೋರ್ನಿಯಾದಲ್ಲಿ ಪೀಠೋಪಕರಣ ಹೊತ್ತು ಸಾಗಿಸುವ ಕೆಲಸ ಮಾಡಿಕೊಂಡಿದ್ದ ನೆಸ್, ಬೌಲಿಂಗ್ ಲೀಗ್‌ಗಳಲ್ಲಿ ಆಡಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರಂತೆ. ದಿನವಿಡೀ ಸೋಫಾ ಎತ್ತಿದ ಕೈ ಸಂಜೆಗೆ ಮತ್ತೆ ಭಾರದ ಚೆಂಡನ್ನೇ ಎತ್ತುವುದೆಂದರೆ! ಆಟವಾದರೂ ಎಂಥದ್ದು? ಬಿಸಿಲಿಲ್ಲ, ಮಳೆಯಿಲ್ಲ, ಎದುರಾಳಿ ಮೈಮೇಲೆ ಬೀಳುವುದಿಲ್ಲ. ಇನ್ನೊಬ್ಬರು ಹಾಕಿ ಬಿಟ್ಟ ಬೂಟನ್ನು ಬಾಡಿಗೆಗೆ ತೊಟ್ಟುಕೊಂಡು, ನುಣುಪು ಹಲಗೆಯ ಮೇಲೆ ಚೆಂಡು ಉರುಳಿಸಿ, ಹತ್ತು ಪಿನ್ನುಗಳತ್ತ ಆಸೆಯಿಂದ ನೋಡುತ್ತ ನಿಲ್ಲಬೇಕು. ಚೆಂಡು ಕೈಬಿಟ್ಟ ಮೇಲೂ ಆಟಗಾರ ಸೊಂಟ ಓರೆ ಮಾಡಿ, ಭುಜ ತಿರುಚಿ, ದೂರದಿಂದಲೇ ಅದಕ್ಕೆ ದಾರಿ ತೋರಿಸುತ್ತಿರುತ್ತಾನೆ. ಚೆಂಡು ಯಾರ ಮಾತನ್ನೂ ಕೇಳುವುದಿಲ್ಲ. ಬಿದ್ದ ಪಿನ್ನುಗಳನ್ನು ಯಂತ್ರ ಗುಡಿಸಿ ಹಾಕಿ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹತ್ತನ್ನು ನಿಲ್ಲಿಸಿಬಿಡುತ್ತದೆ. ಇದರಲ್ಲೊಂದು ದೊಡ್ಡ ತತ್ತ್ವ ಅಡಗಿರಲೇಬೇಕೆಂದು ಬಹಳ ಹೊತ್ತು ಯೋಚಿಸಿದೆ. ಸಿಗಲಿಲ್ಲ. ಸಿಕ್ಕಿದವರು ತಮ್ಮಲ್ಲೇ ಇಟ್ಟುಕೊಳ್ಳಲಿ.

ಆ ಬೌಲಿಂಗ್ ದುಡ್ಡಿನಲ್ಲಿ ಬಂದದ್ದು 1947ರ ಮಾದರಿಯ, ಆಗಲೇ ಹಳತಾಗಿದ್ದ ಒಂದು ಹಾರ್ಲೆ-ಡೇವಿಡ್ಸನ್. ಬೆರಳ ಗೆಣ್ಣುಗಳಂತೆ ಕಾಣುವ ಮುಚ್ಚಳದಿಂದಾಗಿ ನಕಲ್‌ಹೆಡ್ ಎಂದು ಅಡ್ಡಹೆಸರು ಪಡೆದ ಎಂಜಿನ್ನಿನದು. ಹೆಂಡತಿ ಬೆವ್ ಅವರಿಗೆ ಮನೆಗೆ ಬೈಕು ಬರುವುದೇ ಬೇಡವಾಗಿತ್ತು. ನೆಸ್ ಅದನ್ನು ಗ್ಯಾರೇಜಿಗೆ ತಳ್ಳಿ, ಬಿಚ್ಚಿ, ತಾವೇ ಬಣ್ಣ ಹೊಡೆದರು. ಬಣ್ಣ ಜನರ ಕಣ್ಣಿಗೆ ಬಿತ್ತು. ನಮ್ಮದಕ್ಕೂ ಹೊಡೆದುಕೊಡಿ ಎಂದು ಬರತೊಡಗಿದರು. ಪ್ರದರ್ಶನಗಳಿಗೆ ಹೊಸ ಬೈಕು ಬೇಕು, ಕೈಯಲ್ಲಿರುವುದು ಒಂದೇ. ಹಾಗಾಗಿ ಅದನ್ನೇ ಮತ್ತೆ ಬಿಚ್ಚಿ, ಮತ್ತೊಂದು ರೂಪ ಕೊಟ್ಟು ತಂದು ನಿಲ್ಲಿಸುವುದು; ಒಂದೇ ಅಂಗಿಗೆ ಪ್ರತಿ ಮದುವೆಗೂ ಬೇರೆ ಬಣ್ಣ ಹಾಕಿಸಿ ತೊಟ್ಟುಕೊಂಡ ಹಾಗೆ. ಯಾರೂ ಮುಟ್ಟದಷ್ಟು ಸಲ ಮುಟ್ಟಿಸಿಕೊಂಡ ಆ ಬೈಕಿಗೆ ಕೊನೆಗೆ ನಿಂತ ಹೆಸರು ‘ಅನ್‌ಟಚಬಲ್’.

ಇಲ್ಲಿಗೆ ಮುಗಿಸಿದ್ದರೆ ನನ್ನ ಸಿಟ್ಟಿಗೊಂದು ನ್ಯಾಯ ಸಿಗುತ್ತಿತ್ತು: ಕೈಯಾರೆ ಕಟ್ಟಿದವರು ಅವರು, ಅಂಗಡಿಯಲ್ಲಿ ಕೊಂಡು ಸಿಕ್ಕಿಸಿಕೊಳ್ಳುವವರು ಇವರು. ಆದರೆ ಅಂಗಡಿ ಇಟ್ಟವರೂ ನೆಸ್ ಅವರೇ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್‌ನಿಂದ ಶುರುವಾದ ವ್ಯಾಪಾರ, ಬೋಲ್ಟು ಬಿಗಿದರೆ ಸಾಕು ಎಂಬಂಥ ಬಿಡಿಭಾಗಗಳ ದಪ್ಪ ಕ್ಯಾಟಲಾಗ್ ಆಗಿ ಬೆಳೆಯಿತು. ಬೇಡವೆಂದಿದ್ದ ಬೆವ್ ಅವರೂ, ಮಗ ಕೋರಿಯೂ ಅದೇ ವ್ಯಾಪಾರಕ್ಕೆ ಹೆಗಲು ಕೊಟ್ಟರು. ಒಳ್ಳೆಯದೇ. ಆದರೂ ಕ್ಯಾಟಲಾಗ್ ನೋಡಿ ತರಿಸಿದ ಸ್ವಂತಿಕೆಯನ್ನು ಒಪ್ಪಲು ನನ್ನಿಂದ ಆಗುವುದಿಲ್ಲ, ನೆಸ್ ಅವರೇ ಮಾರಿದ್ದರೂ ಅಷ್ಟೆ.

ದುಡ್ಡು ಬಂದ ಮೇಲಿನ ಬೈಕುಗಳಲ್ಲಿ ಬುಗಾಟಿ ಕಾರಿನ ಬಳುಕನ್ನು ಲೋಹದ ತಗಡಿಗೆ ಇಳಿಸಿದ ‘ಸ್ಮೂತ್‌ನೆಸ್’ ನಿಜಕ್ಕೂ ಚೆಲುವೆ. ಟರ್ಬೈನ್ ಎಂಜಿನ್ ಕೂರಿಸಿದ ‘ಮ್ಯಾಕ್ ನೆಸ್’ ನನಗೆ ಹಿಡಿಸಲಿಲ್ಲ. ಹಾರುವ ಯಂತ್ರಕ್ಕೆ ಇರಬೇಕಾದ ಎಂಜಿನ್ ಹಾರಲಿ. ಆದರೆ ‘ಟೂ ಬ್ಯಾಡ್’ ವಿಷಯದಲ್ಲಿ ಯಾರು ಏನೆಂದರೂ ನಾನು ನೆಸ್ ಅವರ ಕಡೆ. ಅದರಲ್ಲಿರುವುದು ಹಾರ್ಲೆಯ ಸ್ಪೋರ್ಟ್‌ಸ್ಟರ್ ಮಾದರಿಯ ಎರಡು ಎಂಜಿನ್. ಒಂದೇ ಎಂಜಿನ್ನಿನಲ್ಲಿ ಅಷ್ಟು ಕಾಲ ಸಂಸಾರ ತೂಗಿಸಿದ ಮನುಷ್ಯನಿಗೆ ಒಂದೇ ಬೈಕಿನಲ್ಲಿ ಎರಡನ್ನು ಕೂರಿಸುವ ಆಸೆಯಾದರೆ ತಪ್ಪೇನು? ಎರಡಕ್ಕೂ ಸ್ಪಾರ್ಕ್ ಪ್ಲಗ್ ಬದಲಿಸುವ ಕೆಲಸವನ್ನು ಮಾತ್ರ ನನಗೆ ಹೇಳಬೇಡಿ.