ಸತ್ಯಾಂಶ: ದುಬೈಗೆ ಎರಡು ಗಂಟೆ, ವಾಪಸ್ ಐದು ಗಂಟೆಯೇ?

ಕಾಸರಗೋಡು, ಮಂಜೇಶ್ವರ ಕಡೆ ಗಲ್ಫ್‌ಗೆ ಹೋಗಿಬರುವವರು ಬಹಳ. ಹಾಗಾಗಿ ಈ ಸಂದೇಶ ಇಲ್ಲಿ ಆಗಾಗ ಸುತ್ತುತ್ತಿರುತ್ತದೆ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಮಂಗಳೂರಿನಿಂದ ದುಬೈಗೆ ಎರಡೇ ಗಂಟೆ, ಬರುವಾಗ ಹತ್ತಿರಹತ್ತಿರ ಐದು. ಟಿಕೆಟ್ ನೋಡಿದರೆ ಹಾಗೇ ಕಾಣುತ್ತದೆ, ನಂಬಿದವರದು ತಪ್ಪಲ್ಲ. ಲೆಕ್ಕ ಮಾತ್ರ ತಪ್ಪು.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ನೀವೇ ಪರೀಕ್ಷಿಸಿ: ಭಾರತದ ಸಮಯದಿಂದ 5.30 ಗಂಟೆ, ದುಬೈ ಸಮಯದಿಂದ 4 ಗಂಟೆ ಕಳೆಯಿರಿ. ಎರಡೂ ಗ್ರೀನಿಚ್ ಸಮಯಕ್ಕೆ ಬರುತ್ತವೆ. ಉದಾಹರಣೆಗೆ, ಬೆಳಗ್ಗೆ 9.30ಕ್ಕೆ ಹೊರಟು ಅಲ್ಲಿಯ 11.30ಕ್ಕೆ ಇಳಿದರೆ ಅದು 4.00ರಿಂದ 7.30, ಅಂದರೆ ಮೂರೂವರೆ ಗಂಟೆ. ಮಧ್ಯಾಹ್ನ 12.30ಕ್ಕೆ ಅಲ್ಲಿಂದ ಹೊರಟು ಸಂಜೆ 5.20ಕ್ಕೆ ಮಂಗಳೂರು ಸೇರಿದರೆ 8.30ರಿಂದ 11.50, ಮೂರು ಗಂಟೆ ಇಪ್ಪತ್ತು ನಿಮಿಷ. ರನ್‌ವೇವರೆಗೆ ಸಾಗುವ ಹೊತ್ತೂ ಇದರಲ್ಲೇ ಸೇರಿದೆ. ನೇರ ದೂರ ಎರಡೂ ಕಡೆಗೆ ಸುಮಾರು 2,460 ಕಿ.ಮೀ.; ಗೂಗಲ್ ಮ್ಯಾಪ್ಸ್‌ನಲ್ಲಿ ಅಳೆದು ನೋಡಬಹುದು.

ಭೂಮಿಯ ಜೊತೆ ಗಾಳಿಯೂ, ಅದರೊಳಗಿನ ವಿಮಾನವೂ ತಿರುಗುತ್ತವೆ. ಹಾಗಾಗಿ ಕೆಳಗಿನ ನೆಲ ಸರಿದು ದುಬೈ ಹತ್ತಿರವಾಗುವುದಿಲ್ಲ. ವ್ಯತ್ಯಾಸ ತರುವುದು ಮೇಲಿನ ಗಾಳಿ. ಚಳಿಗಾಲದಲ್ಲಿ ಅದು ಆ ದಾರಿಯ ಉತ್ತರ ಭಾಗದಲ್ಲಿ ಪಶ್ಚಿಮದಿಂದ ಬಲವಾಗಿ ಬೀಸುವುದರಿಂದ ಊರಿಗೆ ಬರುವ ಪ್ರಯಾಣವೇ ಬೇಗ ಮುಗಿಯುತ್ತದೆ, ಸಂದೇಶ ಹೇಳುವುದಕ್ಕೆ ತದ್ವಿರುದ್ಧ.

ಕರೆತರಲು ಬಜ್ಪೆಗೆ, ಅಂದರೆ ಮಂಗಳೂರು ವಿಮಾನ ನಿಲ್ದಾಣಕ್ಕೆ, ಹೋಗುವವರು ಟಿಕೆಟ್‌ನ ತಲುಪುವ ಸಮಯಕ್ಕೆ ಏನನ್ನೂ ಕೂಡಿಸಬೇಕಿಲ್ಲ, ಅದು ನಮ್ಮ ಸಮಯವೇ.