ಮೊಬೈಲಿಗೆ ಬರಲು ಇನ್ನೂ ದೂರವಿದೆ
ನ್ಯಾನೋಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ಕೊಳವೆ) ಬಳಸಿ ಮೂಡಿಸುವ ಹೊಲೋಗ್ರಾಂ, ಅಂದರೆ ಮೂರು ಆಯಾಮದ ಬೆಳಕಿನ ಚಿತ್ರ, ಇನ್ನೇನು ಮೊಬೈಲಿಗೆ ಬಂದೇಬಿಟ್ಟಿತು ಎಂಬ ಲೇಖನದ ಮಾತನ್ನು ಒಪ್ಪಲಾಗದು. ಚಿತ್ರ ಹೆಚ್ಚು ಅಗಲದ ಕೋನದಿಂದ ಕಾಣುತ್ತದೆಂಬ ಲಾಭ ನಿಜವೇ: 532 ನ್ಯಾನೋಮೀಟರ್ ಹಸಿರು ಲೇಸರಿಗೆ 8 ಮೈಕ್ರಾನ್ (8,000 ನ್ಯಾನೋಮೀಟರ್) ಅಂತರದ ಪಿಕ್ಸೆಲ್‌ಗಳು ಅತ್ತಿತ್ತ 2 ಡಿಗ್ರಿಯಷ್ಟೇ ಬೆಳಕು ಹರಡುತ್ತವೆ, ಟ್ಯೂಬ್‌ಗಳನ್ನೇ ಪಿಕ್ಸೆಲ್ ಮಾಡಿ ಅಂತರ 400 ನ್ಯಾನೋಮೀಟರಿಗೆ ಇಳಿಸಿದರೆ 40 ಡಿಗ್ರಿ ದಾಟುತ್ತದೆ. ಆದರೆ 2012ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಟ್ಯೂಬ್‌ಗಳಿಂದ ಮೂಡಿಸಿದ್ದು ಸ್ಥಿರ ಚಿತ್ರ. ಟ್ಯೂಬ್ ಬೆಳೆಯಲು ಬೀಜದಂತೆ ನೆರವಾಗುವ ನಿಕಲ್ ಲೋಹದ ಚುಕ್ಕೆ ಇಟ್ಟ ಕಡೆ ಮಾತ್ರ ಟ್ಯೂಬ್ ಪೈರಿನಂತೆ ಏಳುತ್ತದೆ. ಎದ್ದ ಮೇಲೆ ವಿನ್ಯಾಸ ಬದಲಿಸುವಂತಿಲ್ಲ. ಚುಕ್ಕೆ ತುಸು ಅಗಲವಾದರೂ ಬಿಸಿಗೆ ನಿಕಲ್ ಒಡೆದು ಒಂದರ ಜಾಗದಲ್ಲಿ ನಾಲ್ಕಾರು ಎದ್ದು ಚಿತ್ರ ಕಲಸಿಹೋಗುತ್ತದೆ. ಚಿತ್ರ ಚಲಿಸಬೇಕೆಂದರೆ ಪ್ರತಿ ಪಿಕ್ಸೆಲ್ಲಿಗೂ ಬೇರೆಬೇರೆ ವೋಲ್ಟೇಜ್ ಕೊಡುವ ಸರ್ಕ್ಯೂಟ್ ಅಡಿಯಲ್ಲೇ ಇರಬೇಕು. ಟ್ಯೂಬ್ ಬೆಳೆಸಲು ಸಾಮಾನ್ಯವಾಗಿ ಬೇಕಾಗುವ 600–700 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆ ಸರ್ಕ್ಯೂಟಿನ ಅಲ್ಯೂಮಿನಿಯಂ ಎಳೆಗಳು ತಡೆಯುವುದಿಲ್ಲ. ಈ ಅಡ್ಡಿಯನ್ನು ಲೇಖನ ಹೇಳಲೇಬೇಕಿತ್ತು.